ಇವಿ ಕಾರ್‌ಪೂಲ್ ಲೆಕ್ಕ: ಉಳಿದದ್ದನ್ನು ಗುಣಿಸಿ, ಉಳಿಸಿದ್ದನ್ನು ಕೂಡಬೇಡಿ

ಪೆಟ್ರೋಲ್ ಕಾರು ಬಿಟ್ಟು ಇವಿ (ಎಲೆಕ್ಟ್ರಿಕ್ ಕಾರು) ಹಿಡಿದು, ಅದರಲ್ಲೂ ಕಾರ್‌ಪೂಲ್ ಮಾಡಿ ಮೂವರು ಒಟ್ಟಿಗೆ ಹೋದರೆ ತಲೆಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ? ನಗರ ಸಾರಿಗೆ ಪಾಠದ ಈ ಒಂದು ಲೆಕ್ಕ ನನ್ನನ್ನು ಎರಡು ದಿನ ಹಿಡಿದು ಕೂರಿಸಿತು. ಈಗ ತಲೆಗೆ ಹತ್ತಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಉದಾಹರಣೆಗೆ ಬೆಂಗಳೂರಿನ ಔಟರ್ ರಿಂಗ್ ರೋಡ್ ತಗೊಳ್ಳೋಣ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ಸುಮಾರು 17 ಕಿ.ಮೀ. ಬೆಳಗ್ಗೆ ಅಲ್ಲಿ ನಿಂತು ನೋಡಿದರೆ ಕಾರಿನ ಹಿಂದೆ ಕಾರು, ಎಷ್ಟೋ ಕಾರುಗಳಲ್ಲಿ ಒಬ್ಬೊಬ್ಬರೇ.

ಬೇಕಾದ ಅಂಕಿಗಳು

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮೈಲೇಜ್ 15 ಅಂದುಕೊಂಡರೆ ಕಿ.ಮೀ.ಗೆ 153 ಗ್ರಾಂ. ಎಲೆಕ್ಟ್ರಿಕ್ ಕಾರಿಗೆ ಸೈಲೆನ್ಸರೇ ಇಲ್ಲ, ಆದರೆ ಕರೆಂಟು ಎಲ್ಲಿಂದಲೋ ಬರಬೇಕಲ್ಲ. ದೇಶದ ಗ್ರಿಡ್‌ನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು, ಹಾಗಾಗಿ ಒಂದು ಯೂನಿಟ್‌ಗೆ ಸರಾಸರಿ ಸುಮಾರು 720 ಗ್ರಾಂ ಬೀಳುತ್ತದೆ. ಚಾರ್ಜ್ ಮಾಡುವಾಗ ನಷ್ಟವಾಗುವುದನ್ನೂ ಸೇರಿಸಿ ಯೂನಿಟ್‌ಗೆ 6 ಕಿ.ಮೀ. ಅಂತ ಹಿಡಿದರೆ ಕಿ.ಮೀ.ಗೆ 120 ಗ್ರಾಂ. ಇದು ಇಡೀ ದೇಶದ, ಇಡೀ ದಿನದ ಸರಾಸರಿ. ಮಧ್ಯಾಹ್ನ ಆಫೀಸಿನಲ್ಲೇ ಚಾರ್ಜ್‌ಗೆ ಹಾಕಿದರೆ ಪಾವಗಡದಂಥ ಸೋಲಾರ್ ಪಾರ್ಕ್‌ಗಳು (ಅದೊಂದೇ 2,050 ಮೆಗಾವ್ಯಾಟ್!) ಜೋರಾಗಿ ಕರೆಂಟು ಕೊಡುವ ಹೊತ್ತು ಅದು. ನನಗೆ ಇದು ತುಂಬಾ ಇಷ್ಟವಾದ ವಿಷಯ, ಆದರೆ ಇವತ್ತಿನ ಲೆಕ್ಕಕ್ಕೆ 120 ಸಾಕು.

ನಾನು ಎಡವಿದ ಜಾಗ

ಒಬ್ಬರೇ ಪೆಟ್ರೋಲ್ ಕಾರಿನಲ್ಲಿ ಹೋದರೆ ತಲೆಗೆ 153. ಒಬ್ಬರೇ ಇವಿಯಲ್ಲಿ ಹೋದರೆ 120, ಅಂದರೆ 33 ಉಳಿತಾಯ. ಮೂವರು ಒಂದೇ ಪೆಟ್ರೋಲ್ ಕಾರಿನಲ್ಲಿ ಹೋದರೆ ತಲೆಗೆ 51, ಅಂದರೆ 102 ಉಳಿತಾಯ. ಇಲ್ಲೇ ಒಂದು ಕ್ಷಣ ನಿಲ್ಲಿ: ಕಾರು ಬದಲಾಯಿಸುವುದಕ್ಕಿಂತ ಪಕ್ಕದ ಸೀಟು ತುಂಬಿಸುವುದರಿಂದ ಮೂರು ಪಟ್ಟು ಲಾಭ. ಎರಡನ್ನೂ ಮಾಡಿದರೆ? ನಾನು 33ಕ್ಕೆ 102 ಕೂಡಿ, 135 ಉಳಿತಾಯ, ಮಿಕ್ಕಿದ್ದು 18 ಅಂತ ಬರೆದೆ. ತಪ್ಪು. 120 ಗ್ರಾಂ ಅನ್ನು ಮೂವರಿಗೆ ಹಂಚಿದರೆ 40, ಇದನ್ನು ಯಾರು ಬೇಕಾದರೂ ನೋಡಿ ಹೇಳಬಹುದು. ಹಾಗಾದರೆ ನನ್ನ ಲೆಕ್ಕದಲ್ಲಿ 22 ಗ್ರಾಂ ಎಲ್ಲಿ ಹೋಯಿತು?

ಆ 33 ಗ್ರಾಂ ಉಳಿತಾಯ ಒಂದು ಇಡೀ ಕಾರಿನದು. ಮೂವರು ಕೂತ ಮೇಲೆ ಅದೂ ಮೂರು ಪಾಲಾಗುತ್ತದೆ, ತಲೆಗೆ 11 ಮಾತ್ರ. ನಾನು ಒಬ್ಬೊಬ್ಬರಿಗೂ ಪೂರ್ತಿ 33 ಕೊಟ್ಟುಬಿಟ್ಟಿದ್ದೆ, 22 ಹೆಚ್ಚಿಗೆ ಹೋದದ್ದು ಹಾಗೆ. ಇನ್ನೊಂದು ರೀತಿ ಹೇಳುವುದಾದರೆ, ಕಾರ್‌ಪೂಲ್ ಮಾಡಿದ ಮೇಲೆ ಇವಿಗೆ ಕಡಿಮೆ ಮಾಡಲು ಉಳಿದಿರುವುದೇ 51 ಗ್ರಾಂ, ಅದರಲ್ಲಿ ನೂರಕ್ಕೆ 22 ಪಾಲು, ಅಂದರೆ 11 ಮಾತ್ರ ತೆಗೆಯಬಹುದು, 33 ಅಲ್ಲ.

ಇದಾದ ಮೇಲೆ ಉಳಿಸಿದ್ದನ್ನು ನೋಡುವುದನ್ನೇ ಬಿಟ್ಟೆ. ಇಂಗಾಲದ ಡೈಆಕ್ಸೈಡ್‌ನಲ್ಲಿ ಎಷ್ಟು ಪಾಲು ಇನ್ನೂ *ಉಳಿದಿದೆ* ಅಂತ ಮಾತ್ರ ನೋಡುತ್ತೇನೆ. ಇವಿ ಆದರೆ ನೂರಕ್ಕೆ 78 ಉಳಿಯುತ್ತದೆ, ಅಂದರೆ 0.78. ಮೂವರಾದರೆ ಮೂರರಲ್ಲಿ ಒಂದು ಪಾಲು. ಗುಣಿಸಿ: 0.26. 153ರ 0.26 ಅಂದರೆ 40. ಸರಿ ಬಂತು! ಸುತ್ತು ಹಾಕುವುದನ್ನೂ ಇದೇ ದಾರಕ್ಕೆ ಪೋಣಿಸಬಹುದು. ಇಬ್ಬರನ್ನು ಹತ್ತಿಸಿಕೊಳ್ಳಲು 17 ಕಿ.ಮೀ. ದಾರಿ 20 ಆಯಿತು ಅನ್ನಿ, 20/17ರಿಂದ ಗುಣಿಸಿ, 40 ಹೋಗಿ 47 ಆಗುತ್ತದೆ.

ಜಾಮ್ ಮತ್ತು ಧೂಳು

ಇವಿ ರಸ್ತೆಯಲ್ಲಿ ಹಿಡಿಯುವ ಜಾಗ ಪೆಟ್ರೋಲ್ ಕಾರಿನಷ್ಟೇ. ಹಾಗಾಗಿ ಟ್ರಾಫಿಕ್ ಲೆಕ್ಕದಲ್ಲಿ 0.78ರ ಜಾಗಕ್ಕೆ 1 ಹಾಕಿ. ಟೈರ್ ಸವೆದು ಏಳುವ ಧೂಳಿಗೂ ಹೆಚ್ಚುಕಡಿಮೆ ಹಾಗೇ, ಬ್ಯಾಟರಿ ತೂಕದಿಂದ ಅದು ಸ್ವಲ್ಪ ಜಾಸ್ತಿಯೂ ಆಗಬಹುದು. ಬ್ರೇಕ್ ಧೂಳು ಮಾತ್ರ ಕಡಿಮೆ, ಯಾಕಂದರೆ ನಿಧಾನ ಮಾಡುವಾಗ ಮೋಟರ್ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ.

ಜೊತೆಯವರಿಂದ ದುಡ್ಡು ತಗೊಳ್ಳಬೇಕು ಅಂತಿರುವವರಿಗೆ ನಂಬರ್ ಪ್ಲೇಟ್ ವಿಷಯ ಚಿಕ್ಕದಾಗಿ: ಹಸಿರು ಪ್ಲೇಟ್ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತ ಬಳಕೆಯ ಇವಿ, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಬಾಡಿಗೆಗೆ ಜನರನ್ನು ಕೂರಿಸಲು ಪರ್ಮಿಟ್ ಬೇಕು, ಆದ್ದರಿಂದ ದುಡ್ಡು ತಗೊಳ್ಳುವ ಮೊದಲು ನಿಯಮ ನೋಡಿಕೊಳ್ಳಿ.

ಪಕ್ಕದ ಸೀಟಿನವರು ಮೊದಲು ಹೇಗೆ ಬರುತ್ತಿದ್ದರು?

ಮೂರರಿಂದ ಭಾಗಿಸುವಾಗ ಮೂವರೂ ತಮ್ಮ ತಮ್ಮ ಕಾರು ಬಿಟ್ಟು ಬಂದರು ಅಂತ ಅಂದುಕೊಂಡಿದ್ದೇವೆ. ಒಬ್ಬರು ಬಿಎಂಟಿಸಿ ಬಸ್ಸಿನಿಂದ ಇಳಿದು ಬಂದಿದ್ದರೆ ಬಸ್ಸು ಹೇಗೂ ಓಡುತ್ತದೆ, ರಸ್ತೆಯಿಂದ ಕಮ್ಮಿಯಾದದ್ದು ಒಂದೇ ಕಾರು. ಆಗ ಮೊದಲಿದ್ದದ್ದು ಎರಡು ಪೆಟ್ರೋಲ್ ಕಾರಿನ 306, ಈಗ ಒಂದು ಇವಿಯ 120. ಅಂದರೆ ನೂರಕ್ಕೆ 26ರ ಬದಲು 39 ಉಳಿಯುತ್ತದೆ. ಮೊದಲಿನ ಮೊತ್ತವನ್ನು ಪೂರ್ತಿ ಬರೆದುಕೊಂಡೇ ಭಾಗಿಸಿ.

ಒಂದು ಲೆಕ್ಕ ನೀವೇ ಮಾಡಿ ನೋಡಿ. ಇವಿ ಮಾಲೀಕರು ಮೊದಲು ಪೆಟ್ರೋಲ್ ಕಾರಿನಲ್ಲಿ ಬರುತ್ತಿದ್ದರು, ಜೊತೆಯ ಇಬ್ಬರು ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್‌ಗಳಲ್ಲಿ. ಸುತ್ತು ಬೇಡ. ಸ್ಕೂಟರ್ ಒಂದಕ್ಕೆ 51 ಗ್ರಾಂ ಬರಬೇಕು, ಕೊನೆಗೆ ಉಳಿಯುವುದು ನೂರಕ್ಕೆ 47.