ಹತ್ತಕ್ಕೆ ಒಂಬತ್ತು ಕೊಟ್ಟ ಮೇಲೂ ಬಸ್ ಯಾಕೆ ನಿಂತಿತು?

ಸಾರಿಗೆ ಮುಷ್ಕರದ ಸುದ್ದಿ ಬಂದಾಗಲೆಲ್ಲ ಮನೆಯಲ್ಲಿ ಅದೇ ಪ್ರಶ್ನೆ. ಈ ಸಲ ಯಾವುದಕ್ಕೆ? ಸಂಬಳಕ್ಕಾ, ಸರ್ಕಾರಿ ನೌಕರರಾಗೋದಕ್ಕಾ, ಹಳೇ ಬಾಕಿಗಾ? ಒಬ್ಬರು 38 ತಿಂಗಳು ಅಂತಾರೆ, ಇನ್ನೊಬ್ಬರು 14 ತಿಂಗಳು ಅಂತಾರೆ. ಮಧ್ಯದಲ್ಲಿ ಆರನೇ ವೇತನ ಆಯೋಗ ಬಂದು ಹೋಗುತ್ತದೆ. ಟಿವಿ ನೋಡಿದರೆ ತಲೆ ಇನ್ನೂ ಜಾಸ್ತಿ ಕೆಡುತ್ತದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 'ಇಲಾಖೆ' ಅನ್ನುವ ಪದ ನೆನಪಿಟ್ಟುಕೊಳ್ಳಿ. 1961ರ ಆಗಸ್ಟ್ 1ಕ್ಕೆ ಅದು ನಿಗಮವಾಯಿತು. 1997ರಿಂದ 2000ದ ಒಳಗೆ ಆ ಒಂದು ನಿಗಮ ನಾಲ್ಕಾಯಿತು: ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ, ಕಲಬುರಗಿಯ ಈಶಾನ್ಯ (ಈಗ ಕಲ್ಯಾಣ ಕರ್ನಾಟಕ). ಅಂದರೆ ಮೊದಲ ಹದಿಮೂರು ವರ್ಷ ಬಸ್ಸು ಓಡಿಸಿದವರು ಸರ್ಕಾರದ ಇಲಾಖೆಯವರೇ. 'ನಮ್ಮನ್ನು ಸರ್ಕಾರಿ ನೌಕರರು ಅಂತ ಪರಿಗಣಿಸಿ' ಎನ್ನುವ ಬೇಡಿಕೆ ಆಕಾಶದಿಂದ ಉದುರಿದ್ದೇನಲ್ಲ.

ನಿಗಮವಾದ ಮೇಲೆ ಸಂಬಳದ ದಾರಿಯೇ ಬೇರೆಯಾಯಿತು. ಸರ್ಕಾರಿ ನೌಕರರಿಗೆ ವೇತನ ಆಯೋಗ ಬರುತ್ತದೆ. ಬಸ್ಸಿನವರು ಕಾರ್ಮಿಕರ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕೂತು ಚೌಕಾಸಿ ಮಾಡಬೇಕು. 2012ರಲ್ಲಿ ಹಾಗೇ ಮಾಡಿದರು, 2016ರಲ್ಲೂ ಹಾಗೇ. 2016ರ ಜುಲೈನಲ್ಲಿ 35 ಪರ್ಸೆಂಟ್ ಕೇಳಿದರು, ಮೂರು ದಿನ ಬಸ್ ನಿಲ್ಲಿಸಿದರು, 12.5ಕ್ಕೆ ಮುಗಿಯಿತು. ಜನ ಬೈದುಕೊಂಡರು, ಮರೆತರು. ಅಲ್ಲಿಯವರೆಗೆ ಇದು ಬರೀ ಪರ್ಸೆಂಟೇಜಿನ ಜಗಳ.

ಲೆಕ್ಕ ಬದಲಾಗಿದ್ದು ಎರಡು ಕಾರಣಕ್ಕೆ. 2018ರ ಏಪ್ರಿಲ್‌ನಿಂದ ರಾಜ್ಯದ ಆರನೇ ವೇತನ ಆಯೋಗ ಜಾರಿಯಾಗಿ ಸರ್ಕಾರಿ ನೌಕರರ ಸಂಬಳ ಶೇ 30ರಷ್ಟು ಏರಿತು. ಸರ್ಕಾರಿ ಜೀಪು ಓಡಿಸುವವನಿಗೂ ಸರ್ಕಾರಿ ಬಸ್ಸು ಓಡಿಸುವವನಿಗೂ ನಡುವಿನ ಅಂತರ ಎದ್ದು ಕಂಡಿತು. ಪೇ ಸ್ಲಿಪ್ಪುಗಳನ್ನು ಅಕ್ಕಪಕ್ಕ ಇಟ್ಟ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡಿದವು. ನನ್ನ ಫೋನಿಗೂ ಒಂದು ಬಂದಿತ್ತು. ಎರಡನೆಯದು ಪಕ್ಕದ ಮನೆಯ ಕಥೆ. 2019ರ ಅಕ್ಟೋಬರ್‌ನಿಂದ ತೆಲಂಗಾಣದ ಆರ್‌ಟಿಸಿಯ ಸುಮಾರು 48 ಸಾವಿರ ನೌಕರರು 52 ದಿನ ಮುಷ್ಕರ ಮಾಡಿದರು. ಡ್ಯೂಟಿಗೆ ಬಾರದವರು ತಾವೇ ಕೆಲಸ ಬಿಟ್ಟಂತೆ ಎಂದು ಅಲ್ಲಿನ ಸರ್ಕಾರ ಹೇಳಿಬಿಟ್ಟಿತು. ಅದೇ ಹೊತ್ತಿಗೆ ಆಂಧ್ರ ಉಲ್ಟಾ ಮಾಡಿತು. 2020ರ ಜನವರಿ 1ರಿಂದ ತನ್ನ ಐವತ್ತು ಸಾವಿರಕ್ಕೂ ಹೆಚ್ಚು ಆರ್‌ಟಿಸಿ ನೌಕರರನ್ನು ಸರ್ಕಾರಿ ನೌಕರರನ್ನಾಗಿ ಮಾಡಿಕೊಂಡಿತು. ಬಳ್ಳಾರಿ, ರಾಯಚೂರು, ಕೋಲಾರದ ಡಿಪೋಗಳ ಚಾಲಕರು ದಿನಾ ಆಂಧ್ರದ ಬಸ್‌ಸ್ಟ್ಯಾಂಡಿಗೆ ಹೋಗಿ ಬರುವವರು. ಅಲ್ಲಿ ಚಹಾ ಕುಡಿಯುವಾಗ ಮಾತು ಬರದೇ ಇರುತ್ತಾ?

2020ರ ಡಿಸೆಂಬರ್ 10ಕ್ಕೆ ನೌಕರರು ವಿಧಾನಸೌಧದ ಕಡೆ ಹೊರಟರು. ಮರುದಿನದಿಂದ ಬಸ್ ನಿಂತವು. ಇಲ್ಲಿಂದ ಮುಂದಿನ ನಾಲ್ಕು ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಡಿಪೋಗಿಂತ ಜಾಸ್ತಿ ಮೈಕಿನ ಮುಂದೆಯೇ ಜಗಳ ನಡೆದದ್ದು ಈ ಅವಧಿಯಲ್ಲಿ.

ಮೊದಲ ಪ್ರಶ್ನೆ ಬಂದದ್ದು ಬೇಡಿಕೆಯ ಬಗ್ಗೆ ಅಲ್ಲ, ಆಳಿನ ಬಗ್ಗೆ. ನೌಕರರ ಕೂಟದ ಗೌರವಾಧ್ಯಕ್ಷರಾಗಿ ನಿಂತವರು ರೈತ ಸಂಘದ ಕೋಡಿಹಳ್ಳಿ ಚಂದ್ರಶೇಖರ್. ರೈತ ನಾಯಕರಿಗೆ ಬಸ್ಸಿನವರ ವಿಷಯದಲ್ಲಿ ಏನು ಕೆಲಸ ಎಂದು ಸರ್ಕಾರದ ಕಡೆಯವರು ಕೇಳಿದರು. ಸಾರಿಗೆ ಸಚಿವರಾಗಿದ್ದ ಲಕ್ಷ್ಮಣ ಸವದಿ ಬೇರೆ ಸಂಘಟನೆಗಳನ್ನು ಕರೆದು ಮಾತಾಡಿದರು. ಈ ಪ್ರಶ್ನೆ ಜನರಿಗೆ ಚೆನ್ನಾಗಿ ನಾಟಿತು. ಆದರೆ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ನಿಗಮಗಳಲ್ಲಿ ಯಾವ ಸಂಘಕ್ಕೆ ಎಷ್ಟು ಬಲ ಎಂದು ತಿಳಿಯುವ ಚುನಾವಣೆ ನಡೆದು ದಶಕಗಳಾಗಿದ್ದವು. ಹತ್ತಿರಹತ್ತಿರ 1.3 ಲಕ್ಷ ಜನರ ಪರವಾಗಿ ಮಾತಾಡುವವರು ಯಾರು ಅನ್ನುವುದಕ್ಕೆ ಕಾಗದದ ಮೇಲೆ ಉತ್ತರವೇ ಇರಲಿಲ್ಲ. ಖಾಲಿ ಕುರ್ಚಿ ಇದ್ದರೆ ಯಾರಾದರೂ ಕೂರುತ್ತಾರೆ ಬಿಡಿ.

ನಾಲ್ಕು ದಿನದ ಆ ಮುಷ್ಕರದ ಕೊನೆ ಕೊನೆಗೆ ಮುಗಿಯಿತು ಅಂತ ಒಂದು ಸುದ್ದಿ, ಮುಗಿದಿಲ್ಲ ಅಂತ ಇನ್ನೊಂದು. ಡಿಸೆಂಬರ್ 14ಕ್ಕೆ ನಿಜವಾಗಿ ಮುಗಿದಾಗ ಸರ್ಕಾರದ ಕೈಯಲ್ಲಿ ಒಂದು ಒಳ್ಳೆಯ ವಾಕ್ಯ ಉಳಿದಿತ್ತು: ಹತ್ತು ಬೇಡಿಕೆಯಲ್ಲಿ ಒಂಬತ್ತಕ್ಕೆ ಒಪ್ಪಿದ್ದೇವೆ.

ಎಷ್ಟು ಚೆನ್ನಾಗಿದೆ ನೋಡಿ. ಶಾಲೆಗೆ ಹೋದವರೆಲ್ಲರಿಗೂ ಅರ್ಥವಾಗುವ ಲೆಕ್ಕ, ಹತ್ತಕ್ಕೆ ಒಂಬತ್ತು. ಇಷ್ಟು ಮಾರ್ಕ್ಸ್ ಕೊಟ್ಟ ಮೇಲೂ ತಕರಾರು ಮಾಡುವವರು ದುರಾಸೆಯವರೇ ಇರಬೇಕು ಅಂತ ಕೇಳುವವನಿಗೆ ಅನ್ನಿಸಿಬಿಡುತ್ತದೆ. ಆ ಒಂಬತ್ತರಲ್ಲಿ ಏನಿತ್ತು? ಕೊರೊನಾದಿಂದ ಸತ್ತ ನೌಕರರ ಕುಟುಂಬಕ್ಕೆ 30 ಲಕ್ಷ, ಆರೋಗ್ಯ ವಿಮೆ, ತರಬೇತಿ ಅವಧಿ ಕಡಿತ, ನಿಗಮದಿಂದ ನಿಗಮಕ್ಕೆ ವರ್ಗಾವಣೆ, ಇಂಥವು. ಚಿಕ್ಕವೇನಲ್ಲ. ಆದರೆ ತಿಂಗಳ ಸಂಬಳ ನಿಂತಿದ್ದು ಬಾಕಿ ಉಳಿದ ಆ ಹತ್ತನೆಯದರ, ಅಂದರೆ ಸರ್ಕಾರಿ ನೌಕರರನ್ನಾಗಿ ಮಾಡುವ ಬೇಡಿಕೆಯ ಮೇಲೆ. ಮಿಕ್ಕಿದ್ದೆಲ್ಲ ಪಲ್ಯ, ಅನ್ನ ಅದೇ. ನೌಕರರು ಇದನ್ನು ಒಂದು ಸಾಲಿನಲ್ಲಿ ಹೇಳಲು ಕಲಿಯಲೇ ಇಲ್ಲ. 'ಸರ್ಕಾರಿ ನೌಕರರನ್ನಾಗಿ ಮಾಡಿ' ಎಂದು ಶುರುಮಾಡಿ, ಏಪ್ರಿಲ್ ಹೊತ್ತಿಗೆ 'ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ' ಎಂಬಲ್ಲಿಗೆ ಬಂದರು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಸಣ್ಣ ಬೇಡಿಕೆ. ಜನರ ಕಿವಿಯಲ್ಲಿ ಮಾತ್ರ ಮೊದಲನೆಯದೇ ಉಳಿದಿತ್ತು.

2021ರ ಏಪ್ರಿಲ್ 7ರಿಂದ ಮತ್ತೆ ಮುಷ್ಕರ. ಈ ಸಲ ಹದಿನೈದು ದಿನ. ಅದರ ಹಿಂದಿನ ವಾರ ನೌಕರರು ಬೋಂಡ ಬಜ್ಜಿ ಮಾರಿ, ಕಪ್ಪು ಪಟ್ಟಿ ಕಟ್ಟಿ ಗಮನ ಸೆಳೆಯಲು ನೋಡಿದ್ದರು. ಸರ್ಕಾರ ಶೇ 8 ಏರಿಕೆ ಕೊಡುತ್ತೇವೆ ಎಂದಿತು. ಬೆಳಗಾವಿ ಲೋಕಸಭೆ, ಬಸವಕಲ್ಯಾಣ, ಮಸ್ಕಿಯಲ್ಲಿ ಏಪ್ರಿಲ್ 17ಕ್ಕೆ ಉಪಚುನಾವಣೆ ಇತ್ತು. ನೀತಿ ಸಂಹಿತೆಯ ಕಾರಣ ಏರಿಕೆಗೆ ಚುನಾವಣಾ ಆಯೋಗದ ಅನುಮತಿ ಕೇಳಬೇಕಾಯಿತು. ಲಾಕ್‌ಡೌನಿನಲ್ಲಿ ಬಸ್ ಓಡದಿದ್ದರೂ ಸಂಬಳ ಕೊಟ್ಟಿದ್ದೇವೆ ಎಂದು ಸರ್ಕಾರ ಮತ್ತೆ ಮತ್ತೆ ನೆನಪಿಸಿತು. ಅದು ಸುಳ್ಳಲ್ಲ. ಕೊರೊನಾದಲ್ಲಿ ಕೆಲಸವನ್ನೇ ಕಳೆದುಕೊಂಡ ಲಕ್ಷಾಂತರ ಜನಕ್ಕೆ ಈ ಮಾತು ನೇರವಾಗಿ ತಾಗಿತು. ನಮಗೆ ಸಂಬಳವೇ ಇಲ್ಲ, ಇವರಿಗೆ ಇನ್ನೂ ಬೇಕಂತೆ ಅನ್ನುವುದನ್ನು ನಾನೇ ಎಷ್ಟು ಕಡೆ ಕೇಳಿದ್ದೇನೋ.

ಏಪ್ರಿಲ್ 12, ಯುಗಾದಿಯ ಹಿಂದಿನ ದಿನ. ತಿಪಟೂರಿಗೆ ಹೋಗಬೇಕಿತ್ತು, ಮೆಜೆಸ್ಟಿಕ್‌ಗೆ ಬಂದೆ. ಕೆಂಪು ಬಸ್ಸು ನಿಲ್ಲುವ ಜಾಗದಲ್ಲಿ ಖಾಸಗಿ ಬಸ್ಸು, ಟೆಂಪೋ ಟ್ರಾವೆಲರ್‌ಗಳು. ಸರ್ಕಾರವೇ ಒಳಗೆ ಬಿಟ್ಟಿತ್ತು. ಕಂಡಕ್ಟರ್ ನಿಲ್ಲುವ ಕಡೆ ಒಬ್ಬ ಹುಡುಗ ನಿಂತು 'ತುಮ್ಕೂರ್ ತುಮ್ಕೂರ್' ಅಂತ ಕೂಗುತ್ತಿದ್ದ. ದುಡ್ಡು ಇಸ್ಕೊಂಡ, ಟಿಕೆಟ್ ಇಲ್ಲ. ರೇಟು ಹಬ್ಬದ್ದು. ನನ್ನ ಪಕ್ಕದ ಅಜ್ಜಿಯೊಬ್ಬರು ಹಿರಿಯ ನಾಗರಿಕರ ಪಾಸು ತೋರಿಸಿದರು. ಹುಡುಗ ನಕ್ಕ. ಅಜ್ಜಿ ಬೈದದ್ದು ಯಾರನ್ನು ಅಂತೀರಿ? ಅವನನ್ನಲ್ಲ, ಮುಷ್ಕರ ಮಾಡುತ್ತಿದ್ದವರನ್ನು. ಅದೇ ದಿನ ಊರೂರಲ್ಲಿ ನೌಕರರ ಹೆಂಡತಿ ಮಕ್ಕಳು ತಟ್ಟೆ ಲೋಟ ಬಡಿಯುತ್ತಾ ಕೂತಿದ್ದರು. ಹಬ್ಬಕ್ಕೆ ಸಂಬಳ ಆಗಿರಲಿಲ್ಲ. ಆ ಸದ್ದು ಮೆಜೆಸ್ಟಿಕ್‌ವರೆಗೆ ಕೇಳಿಸಲಿಲ್ಲ.

ಆಮೇಲಿನ ದಿನಗಳು ಕಹಿಯಾದವು. ಟ್ರೈನಿಗಳ ವಜಾ, ದೂರದೂರಿಗೆ ವರ್ಗಾವಣೆ, ಕ್ವಾರ್ಟರ್ಸ್ ಖಾಲಿ ಮಾಡುವ ನೋಟಿಸು. ಇನ್ನೊಂದು ಕಡೆ ಓಡುತ್ತಿದ್ದ ಬಸ್ಸುಗಳ ಮೇಲೆ ಕಲ್ಲು. ಜಮಖಂಡಿ ಹತ್ತಿರ ಡ್ಯೂಟಿಗೆ ಬಂದಿದ್ದ ಚಾಲಕರೊಬ್ಬರು ಕಲ್ಲೇಟಿಗೆ ಸತ್ತರು. ಆ ಕಲ್ಲಿನ ಜೊತೆ ಮುಷ್ಕರದ ಪರ ಉಳಿದಿದ್ದ ಅಷ್ಟಿಷ್ಟು ಮಾತೂ ನಿಂತುಹೋಯಿತು. ಸೋಂಕು ಏರುತ್ತಿರುವಾಗ ಮುಷ್ಕರ ಸರಿಯಲ್ಲ, ಬಸ್ ಓಡಿಸಿ ಎಂದು ಹೈಕೋರ್ಟ್ ಹೇಳಿತು. ಏಪ್ರಿಲ್ 21ಕ್ಕೆ ನೌಕರರು ಡ್ಯೂಟಿಗೆ ಬಂದರು. ವಾರ ತುಂಬುವ ಮೊದಲೇ, 27ರ ರಾತ್ರಿಯಿಂದ, ಕೊರೊನಾ ಕರ್ಫ್ಯೂ ಶುರುವಾಗಿ ಬಸ್ಸುಗಳು ಮತ್ತೆ ಡಿಪೋದಲ್ಲೇ ನಿಂತವು. ಈ ಸಲ ಸರ್ಕಾರವೇ ನಿಲ್ಲಿಸಿದ್ದು.

ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. 2020ರ ಜನವರಿಗೇ ಆಗಬೇಕಿದ್ದ ವೇತನ ಪರಿಷ್ಕರಣೆ ಆದದ್ದು 2023ರ ಮಾರ್ಚ್ 1ರಿಂದ, ಶೇ 15. ವಿಧಾನಸಭೆ ಚುನಾವಣೆ ಹತ್ತಿರವಿತ್ತು. ಮಧ್ಯದ 38 ತಿಂಗಳ ಬಾಕಿ ಏನಾಯಿತು ಅನ್ನುವುದೇ 2025ರ ಜಗಳದ ಬೇರು. ಸರ್ಕಾರ ಬದಲಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸುಗಳು ತುಂಬಿದವು. 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗವೂ ಬಂತು. ಅಂತರ ಮತ್ತೆ ಬೆಳೆಯಿತು. 2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತು. ದರ ಏರಿದ್ದು ಬಸ್ಸಿನವರ ಸಂಬಳಕ್ಕೇ ಅಂತ ಅಂದುಕೊಂಡವರೂ ಇದ್ದಾರೆ. ಅವರ ಸಂಬಳ ಇದ್ದಲ್ಲೇ ಇತ್ತು.

2025ರ ಆಗಸ್ಟ್ 5ಕ್ಕೆ ಮತ್ತೆ ಬಸ್ ನಿಂತಾಗ ನೌಕರರ ಲೆಕ್ಕ 38 ತಿಂಗಳು, 1,785 ಕೋಟಿ ರೂಪಾಯಿ. ಸರ್ಕಾರದ ಲೆಕ್ಕ 14 ತಿಂಗಳು, ಸರ್ಕಾರವೇ ನೇಮಿಸಿದ್ದ ಏಕಸದಸ್ಯ ಸಮಿತಿ ಹೇಳಿದಷ್ಟು. ಹಿಂದಿನವರು ಸಾಲ ಬಿಟ್ಟುಹೋದರು, ಖಜಾನೆ ನೋಡಿ ಮಾತಾಡಿ, ಜನರಿಗೆ ತೊಂದರೆ ಕೊಡಬೇಡಿ ಎಂದು ಸರ್ಕಾರದ ಕಡೆಯವರು. ನೌಕರರನ್ನು ಕರೆದು ಮಾತಾಡಿ ಎಂದು ವಿರೋಧ ಪಕ್ಷದವರು. 2021ರ ಪೇಪರ್ ಕಟಿಂಗ್ ನನ್ನ ಹತ್ತಿರ ಇದೆ. ಅಲ್ಲೂ ಹೆಚ್ಚುಕಡಿಮೆ ಇದೇ ಮಾತುಗಳು, ಆಡಿದವರು ಮಾತ್ರ ಅದಲು ಬದಲು. ಹೈಕೋರ್ಟ್ ಗದರಿದ ಮೇಲೆ ಮುಷ್ಕರವನ್ನು ಒಂದೇ ದಿನಕ್ಕೆ ನಿಲ್ಲಿಸಿ ಮುಂದೂಡಿದರು. ಮುಂದೂಡಿದ್ದು ಅಷ್ಟೇ, ಕೈಬಿಟ್ಟದ್ದಲ್ಲ. ಮರುದಿನ ನಮ್ಮ ರೂಟಿನ ಬಸ್ಸು ಟೈಮಿಗೆ ಸರಿಯಾಗಿ ಬಂತು. ಕಂಡಕ್ಟರ್ ಮುಂದಿನ ಸೀಟುಗಳ ಹೆಂಗಸರಿಗೆ ಸೊನ್ನೆ ಟಿಕೆಟ್ ಹರಿದು ಕೊಡುತ್ತಾ ಹಿಂದೆ ಬಂದರು. ಏನಾಯ್ತು ಸಾರ್ ನಿಮ್ಮ ವಿಷ್ಯ ಅಂದೆ. 'ಚಿಲ್ರೆ ಇದ್ರೆ ಕೊಡಿ' ಅಂದರು.