ಸಕ್ಕರೆಯ ಜಾಗಕ್ಕೆ ಖರ್ಜೂರ ಬಂದಾಗ

ಸಕ್ಕರೆಯ ಬದಲು ಖರ್ಜೂರದ ಪೇಸ್ಟ್ ಹಾಕಿ ನಾನು ಮೊದಲ ಸಲ ಬಿಸ್ಕೆಟ್ ಮಾಡಿದಾಗ ರುಚಿ ಚೆನ್ನಾಗಿಯೇ ಇತ್ತು, ಆದರೆ ಒಂದೂ ಗರಿಗರಿಯಾಗಲಿಲ್ಲ. ಓವನ್‌ನಲ್ಲಿ ಇನ್ನೈದು ನಿಮಿಷ ಬಿಟ್ಟು ನೋಡಿದೆ. ಅಂಚು ಕಪ್ಪಗಾಯಿತು, ನಡುಭಾಗ ಮೆತ್ತಗೇ ಉಳಿಯಿತು. ಮಾರನೆಯ ದಿನ ಡಬ್ಬಿ ತೆರೆದರೆ ಇನ್ನಷ್ಟು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಳತೆಯೇನೂ ತಪ್ಪಿರಲಿಲ್ಲ, ಸಕ್ಕರೆ ಎಷ್ಟೋ ಪೇಸ್ಟೂ ಅಷ್ಟೇ ಹಾಕಿದ್ದೆ. ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ ಎಂದುಕೊಂಡಿದ್ದೆ, ಎಡವಿದ್ದು ಅಲ್ಲಿ.

ಬಿಸ್ಕೆಟ್ ಗರಿಗರಿಯಾಗುವುದು ಹೇಗೆಂದು ನೋಡಿ. ಹಿಟ್ಟಿನಲ್ಲಿರುವ ಸಕ್ಕರೆ ಓವನ್ನಿನ ಬಿಸಿಗೆ ಕರಗಿ ಪಾಕವಾಗುತ್ತದೆ. ನೀರು ಆವಿಯಾದ ಹಾಗೆ ಪಾಕ ಗಟ್ಟಿಯಾಗುತ್ತಾ ಹೋಗುತ್ತದೆ, ತಣಿದ ಮೇಲೆ ಗಾಜಿನಂತೆ ಬಿಗಿದುಕೊಳ್ಳುತ್ತದೆ. ವಿಜ್ಞಾನದಲ್ಲೂ ಇದಕ್ಕೆ ಗಾಜಿನ ಸ್ಥಿತಿ ಎಂದೇ ಹೆಸರು: ಅಣುಗಳು ಹರಳಿನೊಳಗಿನಂತೆ ಸಾಲುಗಟ್ಟಿ ಕೂರದೆ, ಅಡ್ಡಾದಿಡ್ಡಿಯಾಗಿ ಇದ್ದಲ್ಲೇ ನಿಂತುಬಿಡುತ್ತವೆ. ಯಾವ ಸಕ್ಕರೆ ಎಷ್ಟು ತಣಿದರೆ ಹೀಗಾಗುತ್ತದೆ ಎನ್ನುವುದಕ್ಕೆ ಒಂದೊಂದಕ್ಕೂ ಒಂದೊಂದು ಗೆರೆ ಇದೆ. ನಾವು ದಿನಾ ಬಳಸುವ ಬಿಳಿ ಸಕ್ಕರೆ, ಅಂದರೆ ಸುಕ್ರೋಸ್, ನೀರಿನಂಶವಿಲ್ಲದಿದ್ದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಾಜಾಗುತ್ತದೆ. ಗ್ಲೂಕೋಸ್ ಸುಮಾರು 31 ಡಿಗ್ರಿಗೆ ಇಳಿಯಬೇಕು. ಫ್ರಕ್ಟೋಸ್ ಸುಮಾರು 5 ಡಿಗ್ರಿಗೆ. ಅದರಲ್ಲಿ ತುಸು ನೀರು ಉಳಿದಿದ್ದರಂತೂ ಗೆರೆ ಇನ್ನೂ ಕೆಳಕ್ಕೆ ಜಾರುತ್ತದೆ. ಹಾಗಾಗಿ ಕೋಣೆಯ ಉಷ್ಣತೆಯಲ್ಲಿ ಫ್ರಕ್ಟೋಸ್ ಹೆಚ್ಚಿರುವ ಬಿಸ್ಕೆಟ್ ಗಾಜಾಗದೆ, ದಪ್ಪ ಪಾಕವಾಗಿಯೇ ಉಳಿದ ಸಕ್ಕರೆಯನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಸಾಲದೆಂಬಂತೆ ಫ್ರಕ್ಟೋಸ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಾರನೆಯ ದಿನದ ಅಂಟು ಬಂದದ್ದು ಹೀಗೆ.

ಖರ್ಜೂರದಲ್ಲಿ ಇಷ್ಟೊಂದು ಫ್ರಕ್ಟೋಸ್ ಎಲ್ಲಿಂದ ಬಂತು? ಕಾಯಿ ಬಲಿಯುವಾಗ ಅದು ಕೂಡಿಡುವುದು ಬಹುಪಾಲು ಸುಕ್ರೋಸನ್ನೇ. ಹಣ್ಣಾಗುವಾಗ ಇನ್ವರ್ಟೇಸ್ ಎಂಬ ಕಿಣ್ವ ಆ ಸುಕ್ರೋಸನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಾಡುತ್ತದೆ. ಎಷ್ಟರಮಟ್ಟಿಗೆ ಒಡೆಯುತ್ತದೆ ಎಂಬುದು ತಳಿಗೆ ಬಿಟ್ಟದ್ದು. ಮೆತ್ತನೆಯ ಮೆಡ್‌ಜೂಲ್ ಖರ್ಜೂರದ 100 ಗ್ರಾಂನಲ್ಲಿ ಸುಮಾರು 66 ಗ್ರಾಂ ಸಕ್ಕರೆ ಇದ್ದರೆ ಅದರಲ್ಲಿ ಸುಕ್ರೋಸ್ ಅರ್ಧ ಗ್ರಾಂ ಮಾತ್ರ. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಸಮಪಾಲಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್. ತುಸು ಗಟ್ಟಿಯಿರುವ ಡೆಗ್ಲೆಟ್ ನೂರ್ ತಳಿಯಲ್ಲಿ 63 ಗ್ರಾಂ ಸಕ್ಕರೆಯ ಪೈಕಿ 24 ಗ್ರಾಂನಷ್ಟು ಸುಕ್ರೋಸಾಗಿಯೇ ಉಳಿದಿರುತ್ತದೆ. ಪಾಕವಿಧಾನಗಳಲ್ಲಿ ಬರೀ 'ಖರ್ಜೂರ' ಎಂದು ಬರೆದು ಮುಂದೆ ಹೋಗುವವರು ಈ ವ್ಯತ್ಯಾಸವನ್ನು ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಇನ್ನು ನೀರಿನ ಲೆಕ್ಕ. ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 200 ಗ್ರಾಂ ಮೆಡ್‌ಜೂಲ್ ಖರ್ಜೂರಕ್ಕೆ 100 ಮಿಲಿಲೀಟರ್ ನೀರು ಸೇರಿಸಿ ರುಬ್ಬಿದರೆ 300 ಗ್ರಾಂ ಪೇಸ್ಟ್ ಸಿಗುತ್ತದೆ. ಹಣ್ಣಿನಲ್ಲೇ ಐದನೇ ಒಂದು ಪಾಲು ನೀರಿರುವುದರಿಂದ, ಈ ಪೇಸ್ಟಿನ ಪ್ರತಿ 100 ಗ್ರಾಂನಲ್ಲಿ ಸುಮಾರು 44 ಗ್ರಾಂ ಸಕ್ಕರೆ, 47 ಗ್ರಾಂ ನೀರು, 4.5 ಗ್ರಾಂ ನಾರು ಇರುತ್ತದೆ. ಕೇಕಿಗೆ 200 ಗ್ರಾಂ ಸಕ್ಕರೆ ಬೇಕಿದ್ದಲ್ಲಿ 200 ಗ್ರಾಂ ಪೇಸ್ಟ್ ಹಾಕಿದರೆ ಒಳಗೆ ಹೋಗುವ ಸಕ್ಕರೆ 88 ಗ್ರಾಂ. ಜೊತೆಗೆ ಯಾರೂ ಕರೆಯದೆ ಬಂದ 95 ಗ್ರಾಂ ನೀರು. ಸಿಹಿ ಕಡಿಮೆಯಾಯಿತೆಂದು 200 ಗ್ರಾಂ ಸಕ್ಕರೆಗೆ ಸರಿದೂಗಿಸಲು ಹೊರಟರೆ ಸುಮಾರು 450 ಗ್ರಾಂ ಪೇಸ್ಟ್ ಬೇಕು, ಅದರೊಂದಿಗೆ ಒಂದು ಲೋಟದಷ್ಟು ನೀರು ಹಿಟ್ಟಿಗೆ ಬೀಳುತ್ತದೆ. ಅಂಥ ಕೇಕ್ ಬೇಯುವುದೇ ಇಲ್ಲ, ಹಸಿಹಸಿಯಾಗಿ ಕುಸಿಯುತ್ತದೆ. ತೂಕಕ್ಕೆ ತೂಕ ಹಾಕಿ, ಸಿಹಿ ಕಡಿಮೆಯಾಗುವುದನ್ನು ಒಪ್ಪಿಕೊಂಡು, ಹಾಲನ್ನೋ ನೀರನ್ನೋ ಇಳಿಸುವುದೇ ಸರಿ. 200 ಗ್ರಾಂ ಪೇಸ್ಟಿಗೆ ನಾನು 60 ಮಿಲಿಲೀಟರ್‌ನಷ್ಟು ಹಾಲು ಕಡಿಮೆ ಮಾಡುತ್ತೇನೆ. ಬಂದ ನೀರಿನಲ್ಲಿ ಒಂದಿಷ್ಟನ್ನು ಪೇಸ್ಟಿನ ನಾರು ಮತ್ತು ಪೆಕ್ಟಿನ್ ಎಂಬ, ಹಣ್ಣಿನಲ್ಲಿರುವ ಅಂಟಿನಂಥ ವಸ್ತು ಹಿಡಿದಿಟ್ಟುಕೊಳ್ಳುತ್ತವೆ, ಹಾಗಾಗಿ ಪೂರ್ತಿ ಇಳಿಸಬೇಕಿಲ್ಲ.

ಹೀಗೆ ನೀರನ್ನು ಹಿಡಿದಿಡುವ ಗುಣವೇ ಖರ್ಜೂರದ ಕೇಕಿಗೆ ವರ. ಸಕ್ಕರೆಯ ಕೇಕ್ ಎರಡನೇ ದಿನಕ್ಕೆ ಒಣಗಲು ಶುರುವಾದರೆ, ಇದು ಮೂರ್ನಾಲ್ಕು ದಿನ ಮೆದುವಾಗಿಯೇ ಇರುತ್ತದೆ. ಬಿಸ್ಕೆಟ್ಟನ್ನು ಕೆಡಿಸಿದ ಫ್ರಕ್ಟೋಸೇ ಇಲ್ಲಿ ಕೇಕನ್ನು ಕಾಯುತ್ತದೆ.

ಆದರೆ ಕೇಕ್ ಉಬ್ಬಬೇಕಲ್ಲ! ಬೆಣ್ಣೆ, ಸಕ್ಕರೆ ಸೇರಿಸಿ ಬೆಳ್ಳಗಾಗುವವರೆಗೆ ತಿರುವುವುದು ಗಾಳಿ ತುಂಬಿಸಲಿಕ್ಕೆ. ಸಕ್ಕರೆಯ ಚೂಪು ಹರಳುಗಳು ಬೆಣ್ಣೆಯೊಳಗೆ ಸಾವಿರಾರು ಸಣ್ಣ ಗುಳ್ಳೆಗಳನ್ನು ಎಳೆದುಕೊಂಡು ಹೋಗುತ್ತವೆ. ಬೇಕಿಂಗ್ ಪೌಡರಿನ ಅನಿಲ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನೇ ಹಿಗ್ಗಿಸುತ್ತದೆ. ಪೇಸ್ಟಿನಲ್ಲಿ ಹರಳೂ ಇಲ್ಲ, ಚೂಪೂ ಇಲ್ಲ. ಎಷ್ಟು ತಿರುವಿದರೂ ಬೆಣ್ಣೆಗೆ ಗಾಳಿ ಹಿಡಿಯದು. ಗಾಳಿಯನ್ನು ಬೇರೆ ದಾರಿಯಿಂದ ತರಬೇಕು. ಮೊಟ್ಟೆ ಬಳಸುವವರು ಅದನ್ನು ಬೇರೆಯಾಗಿ ನೊರೆಬರುವಂತೆ ಕಡೆದು ಕೊನೆಯಲ್ಲಿ ಹಗುರವಾಗಿ ಬೆರೆಸಬಹುದು. ಮೊಟ್ಟೆ ಬೇಡದವರು ಎಣ್ಣೆ, ಮೊಸರು ಹಾಕಿ ಮಾಡುವ ಮಫಿನ್ ಬಗೆಯ ಹಿಟ್ಟನ್ನು ಆರಿಸಿಕೊಂಡರೆ ಚೆನ್ನ; ಅದು ಮೊದಲಿನಿಂದಲೂ ಹರಳುಗಳನ್ನು ನೆಚ್ಚಿದ್ದಲ್ಲ. ಬೆಳ್ಳಗೆ, ಹತ್ತಿಯಂತೆ ಹಗುರವಾಗಿರುವ ಸ್ಪಾಂಜ್ ಕೇಕನ್ನು ಮಾತ್ರ ಖರ್ಜೂರದಿಂದ ನಿರೀಕ್ಷಿಸಬೇಡಿ. ಬಾಳೆಹಣ್ಣು, ಕ್ಯಾರೆಟ್, ಕೋಕೋ, ಶುಂಠಿ, ಗೋಧಿಹಿಟ್ಟು ಹಾಕಿದ, ಬಣ್ಣದಲ್ಲಿ ಗಾಢವಾಗಿರುವ ಕೇಕುಗಳಲ್ಲಿ ಅದು ತಾನು ಅಲ್ಲಿಗೇ ಸೇರಿದ್ದು ಎಂಬಂತೆ ಬೆರೆತುಹೋಗುತ್ತದೆ.

ಸಕ್ಕರೆ ಮಾಡುವ ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬರೀ ನೀರಿನಲ್ಲಿ ಗೋಧಿಯ ಪಿಷ್ಟ 60 ಡಿಗ್ರಿಯ ಹೊತ್ತಿಗೆ ನೀರು ಹೀರಿ ಉಬ್ಬಿ ಗಂಜಿಯಾಗತೊಡಗುತ್ತದೆ. ಸಕ್ಕರೆ ಹೆಚ್ಚಿರುವ ಕೇಕಿನ ಹಿಟ್ಟಿನಲ್ಲಿ ಇದು ಬಹಳ ತಡವಾಗುತ್ತದೆ, ಮೊಟ್ಟೆಯ ಪ್ರೋಟೀನೂ ಗಟ್ಟಿಯಾಗಲು ಹಿಂದುಮುಂದು ನೋಡುತ್ತದೆ. ಆ ಬಿಡುವಿನಲ್ಲಿ ಕೇಕ್ ಉಬ್ಬುತ್ತದೆ. ಪೇಸ್ಟ್ ಹಾಕಿದಾಗ ಸಕ್ಕರೆ ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಬಿಡುವೂ ಕಡಿಮೆ. ಹೊರಗೆ ಬೇಗ ಗಟ್ಟಿಯಾಗಿ, ಒಳಗಿನದು ಉಬ್ಬಲು ನೋಡಿ, ಮೇಲೆ ಬಿರುಕು ಬಿಡುತ್ತದೆ.

ಬಣ್ಣವೂ ಬೇಗ ಬರುತ್ತದೆ. ಬೆಂದ ಹಿಟ್ಟಿನ ಕಂದು ಬಣ್ಣ, ಘಮಕ್ಕೆ ಕಾರಣವಾಗುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದರು. ಅಮೈನೋ ಆಮ್ಲಗಳೊಂದಿಗೆ ಕೆಲವು ಬಗೆಯ ಸಕ್ಕರೆಗಳು ಸೇರಿದಾಗ ನಡೆಯುವ ಕ್ರಿಯೆ ಅದು. ಗ್ಲೂಕೋಸ್, ಫ್ರಕ್ಟೋಸ್ ಅದಕ್ಕೆ ನೇರವಾಗಿ ಇಳಿಯುತ್ತವೆ. ಸುಕ್ರೋಸ್ ಮೊದಲು ಒಡೆಯಬೇಕು. ಮೆಡ್‌ಜೂಲ್‌ನಂಥ ಖರ್ಜೂರದಲ್ಲಿ ಹಣ್ಣಾಗುವಾಗಲೇ ಒಡೆದಾಗಿದೆ. ಜೊತೆಗೆ ಫ್ರಕ್ಟೋಸ್ ಬಿಳಿ ಸಕ್ಕರೆಗಿಂತ ಬಹಳ ಕಡಿಮೆ ಬಿಸಿಯಲ್ಲೇ ಕ್ಯಾರಮೆಲ್ ಆಗುತ್ತದೆ. ಆದ್ದರಿಂದ ಓವನ್ನಿನ ಉಷ್ಣತೆಯನ್ನು 15 ಡಿಗ್ರಿಯಷ್ಟು ಇಳಿಸಿ ನಿಧಾನವಾಗಿ ಬೇಯಿಸಬೇಕು. ಬಿರುಕಿಗೂ ಇದೇ ಮದ್ದು. ಇನ್ನೊಂದು ಕಾರಣವೂ ಇದೆ: ಹಿಟ್ಟಿನ ತಿನಿಸುಗಳು ಹೆಚ್ಚು ಕಂದಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ ಎಂಬುದು 2002ರಲ್ಲಿ ಸ್ವೀಡನ್ನಿನಲ್ಲಿ ಬೆಳಕಿಗೆ ಬಂತು, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅದಕ್ಕೆ ಒದಗುವ ಸಕ್ಕರೆಗಳೇ. ಕಪ್ಪಗಾಗುವ ಮುನ್ನ ಹೊರಗೆ ತೆಗೆಯಿರಿ.

ಪೇಸ್ಟ್ ಮಾಡುವುದು ಕಷ್ಟವೇನಲ್ಲ. ಬೀಜವಿಲ್ಲದ್ದು ಎಂದು ಬರೆದಿದ್ದರೂ ಒಂದೊಂದನ್ನೂ ಬಿಡಿಸಿ ನೋಡಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ರುಬ್ಬಿದರಾಯಿತು. ಸಿಪ್ಪೆ ಗಟ್ಟಿಯಿದ್ದರೆ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಕ್ಷಾರಕ್ಕೆ ಪೆಕ್ಟಿನ್ ಸಡಿಲಾಗಿ ಸಿಪ್ಪೆ ಮೆತ್ತಗಾಗುತ್ತದೆ. ಹಣ್ಣಿನ ಮೇಲೆ ಕಾಣುವ ಬಿಳಿ ಪುಡಿ ಎಷ್ಟೋ ಸಲ ಬೂಷ್ಟಲ್ಲ, ಹೊರಬಂದ ಗ್ಲೂಕೋಸಿನ ಹರಳು. ಬಿಸಿನೀರಿಗೆ ಕರಗಿಹೋದರೆ ಸಕ್ಕರೆ ಎಂದೇ ತಿಳಿಯಿರಿ. ಇಡೀ ಖರ್ಜೂರ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ನೀರು ಸೇರಿದ ಪೇಸ್ಟಿಗೆ ಆ ರಕ್ಷಣೆ ಇಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ.

ಆರೋಗ್ಯದ ಮಾತನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅಲ್ಲಿ ಉತ್ಪ್ರೇಕ್ಷೆ ಜಾಸ್ತಿ. ಖರ್ಜೂರ ಹಾಕಿದ ಕೇಕನ್ನು 'ಸಕ್ಕರೆಯೇ ಇಲ್ಲದ್ದು' ಎಂದು ಮಧುಮೇಹ ಇರುವವರ ಮುಂದೆ ಇಡುವುದು ಸುಳ್ಳು ಹೇಳಿದಂತೆ. ಅದರಲ್ಲಿ ಸಕ್ಕರೆ ಇದೆ, ಸಾಕಷ್ಟು ಇದೆ. ಖರ್ಜೂರದ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ, ಅಷ್ಟೇನೂ ಹೆಚ್ಚಿಲ್ಲ ಎನ್ನುವ ಅಳತೆಗಳು ಹಣ್ಣನ್ನು ಹಾಗೇ ತಿಂದಾಗಿನವು, ಮೈದಾ ಬೆರೆಸಿದ ಕೇಕಿನವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಹೆಚ್ಚು ಪಾಲು 'ಮುಕ್ತ ಸಕ್ಕರೆ'ಯಿಂದ (ಆಹಾರಕ್ಕೆ ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ) ಬರಬಾರದು ಎಂದು ಹೇಳಿತು. ಇಡೀ ಹಣ್ಣಿನೊಳಗಿನ ಸಕ್ಕರೆ ಆ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆಯ ವ್ಯಾಖ್ಯೆಯಂತೂ ರುಬ್ಬಿದ ಹಣ್ಣಿನ ಪೇಸ್ಟನ್ನು ಲೆಕ್ಕಕ್ಕೆ ಸೇರಿಸುತ್ತದೆ, ಏಕೆಂದರೆ ರುಬ್ಬಿದಾಗ ಜೀವಕೋಶಗಳ ಗೋಡೆ ಒಡೆದು ಸಕ್ಕರೆ ಹೊರಗೆ ಬಂದಿರುತ್ತದೆ. ಖರ್ಜೂರದಲ್ಲಿ ಕಬ್ಬಿಣ ಹೇರಳವಾಗಿದೆ ಎನ್ನುವ ಮಾತೂ ಉತ್ಪ್ರೇಕ್ಷೆಯೇ: 100 ಗ್ರಾಂ ಖರ್ಜೂರದಲ್ಲಿ ಇರುವುದು ಸುಮಾರು 1 ಮಿಲಿಗ್ರಾಂ. ನಿಜವಾಗಿ ಹೆಚ್ಚಿರುವುದು ಪೊಟ್ಯಾಸಿಯಂ, ಸುಮಾರು 700 ಮಿಲಿಗ್ರಾಂ, ಮತ್ತು ನಾರು. ತೂಕಕ್ಕೆ ತೂಕ ಹಾಕಿದಾಗ ಸಕ್ಕರೆ ಅರ್ಧಕ್ಕಿಂತ ಕೆಳಗಿಳಿಯುತ್ತದಲ್ಲ, ದೊಡ್ಡ ಲಾಭ ಅದೇ.

ಅರ್ಧಕ್ಕಿಂತ ಕಡಿಮೆ ಸಕ್ಕರೆಯ ಕೇಕ್ ಸಪ್ಪೆಯಾಗುವುದಿಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಓವನ್ನಿಂದ ಆಗತಾನೇ ತೆಗೆದ ತುಂಡನ್ನು ಬಾಯಿಗೆ ಹಾಕಿಕೊಂಡು ತೀರ್ಮಾನಿಸಬೇಡಿ. ಫ್ರಕ್ಟೋಸಿನ ಅಣು ಒಂದೇ ಆಕಾರದಲ್ಲಿ ಇರುವುದಿಲ್ಲ. ತಣ್ಣಗಿರುವಾಗ ಅದರ ಬಹುಪಾಲು ಅಣುಗಳು ಆರು ಪರಮಾಣುಗಳ ಉಂಗುರವಾಗಿರುತ್ತವೆ, ನಾಲಿಗೆಗೆ ಬಹಳ ಸಿಹಿಯೆನಿಸುವುದು ಆ ರೂಪವೇ. ಬಿಸಿಯಾದಾಗ ಒಂದಷ್ಟು ಅಣುಗಳು ಐದರ ಉಂಗುರಕ್ಕೆ ಬದಲಾಗುತ್ತವೆ, ಸಿಹಿ ಇಳಿಯುತ್ತದೆ. ಕೇಕ್ ಪೂರ್ತಿ ಆರಲಿ, ಸಾಧ್ಯವಾದರೆ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಕತ್ತರಿಸಿದಾಗ ಅದೇ ಕೇಕ್ ಹಿಂದಿನ ದಿನಕ್ಕಿಂತ ಸಿಹಿಯಾಗಿರುತ್ತದೆ.