ಮ್ಯಾಕ್ ಅಂದರೆ ಯಾವ ಮ್ಯಾಕ್?

ದೂರದ ಯಂತ್ರಕ್ಕೆ ಗುಟ್ಟಾಗಿ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಮೂಲಕ ದೊಡ್ಡದೊಂದು ಫೈಲ್ ಕಳಿಸುತ್ತಿದ್ದೆ. ಅರ್ಧದಲ್ಲೇ ಸಂಪರ್ಕ ಕಡಿದು, ಪರದೆ ಮೇಲೆ 'ಕರಪ್ಟೆಡ್ ಮ್ಯಾಕ್ ಆನ್ ಇನ್‌ಪುಟ್' ಎಂದು ಬಂತು. ಮ್ಯಾಕ್ ತಾನೇ, ನೆಟ್‌ವರ್ಕ್ ಕಾರ್ಡಿನ ವಿಳಾಸ ಕೆಟ್ಟಿರಬೇಕು ಅಂತ ಒಂದು ಸಂಜೆಯೆಲ್ಲ ಅದನ್ನೇ ಕೆದಕಿದೆ. ವಿಳಾಸ ಸರಿಯಾಗೇ ಇತ್ತು. ನಾನು ಹಿಡಿದಿದ್ದ ಮ್ಯಾಕ್ ಬೇರೆ.

ವಿಳಾಸದ ಮ್ಯಾಕ್ ಎಂದರೆ ಮೀಡಿಯಾ ಆ್ಯಕ್ಸೆಸ್ ಕಂಟ್ರೋಲ್. ಒಂದೇ ತಂತಿಯನ್ನೋ ಗಾಳಿಯನ್ನೋ ಹತ್ತು ಯಂತ್ರಗಳು ಹಂಚಿಕೊಂಡಾಗ ಈಗ ಯಾರ ಸರದಿ ಎಂದು ನೋಡಿಕೊಳ್ಳುವ ಪದರ ಅದು. ವಿಳಾಸ 48 ಬಿಟ್, ಹದಿನಾರರ ಪದ್ಧತಿಯಲ್ಲಿ 12 ಅಂಕಿ. ನನಗೆ ತುಂಬ ಹಿಡಿಸಿದ ಕಿರುದಾರಿ: ಎರಡನೇ ಅಂಕಿ 2, 6, ಎ, ಇ ಇವುಗಳಲ್ಲೊಂದಾದರೆ ಆ ವಿಳಾಸ ಕಾರ್ಖಾನೆಯದಲ್ಲ, ಯಂತ್ರದಲ್ಲೇ ಹುಟ್ಟಿಸಿಕೊಂಡದ್ದು. ಈಗಿನ ಫೋನುಗಳ ವೈಫೈ ವಿಳಾಸ ತೆಗೆದು ನೋಡಿ, ಬಹಳಷ್ಟು ಸಲ ಹಾಗೇ ಇರುತ್ತದೆ.

ನನ್ನನ್ನು ಕೆಡವಿದ್ದು ಮೆಸೇಜ್ ಅಥೆಂಟಿಕೇಶನ್ ಕೋಡ್. ಸಂದೇಶ ದಾರಿಯಲ್ಲಿ ಬದಲಾಗಿಲ್ಲ ಎಂಬುದಕ್ಕೆ ಅಂಟಿಸುವ ಗುರುತು. ಅದಕ್ಕೆ ಬರೀ ಹ್ಯಾಶ್, ಅಂದರೆ ಸಂದೇಶದಿಂದಲೇ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಕಿರು ಸಂಖ್ಯೆ, ಸಾಲದೇ? ಇಲ್ಲೇ ನಾನು ಸಿಕ್ಕಿಬಿದ್ದದ್ದು. '500 ಕೊಡು' ಎಂಬುದಕ್ಕೆ ಹ್ಯಾಶ್ ಅಂಟಿಸಿ ಕಳಿಸಿದೆ ಅನ್ನಿ. ನಡುವೆ ಕೂತವನು ಅದನ್ನು '5000 ಕೊಡು' ಎಂದು ತಿದ್ದಿ, ಹೊಸ ಹ್ಯಾಶನ್ನೂ ತಾನೇ ಲೆಕ್ಕ ಹಾಕಿ ಅಂಟಿಸುತ್ತಾನೆ. ಹ್ಯಾಶ್ ಯಾರು ಬೇಕಾದರೂ ಮಾಡಬಹುದಲ್ಲ! ಮ್ಯಾಕ್‌ನಲ್ಲಿ ನಮ್ಮಿಬ್ಬರಿಗೇ ಗೊತ್ತಿರುವ ಗುಟ್ಟಿನ ಕೀ ಸೇರುತ್ತದೆ. ಕೀ ಇಲ್ಲದವನು ಸಂದೇಶ ತಿದ್ದಬಲ್ಲ, ಗುರುತು ತಿದ್ದಲಾರ.

ಹಾಗಾದರೆ ಸಂದೇಶದ ಮುಂದೆ ಕೀ ಇಟ್ಟು ಒಮ್ಮೆ ಹ್ಯಾಶ್ ಮಾಡಿಬಿಟ್ಟರೆ? ಎಸ್‌ಎಚ್‌ಎ-256 ಥರದ ಹ್ಯಾಶ್ ವಿಧಾನಗಳಲ್ಲಿ ಕೀ ಗೊತ್ತಿಲ್ಲದೆಯೂ ಸಂದೇಶದ ಬಾಲಕ್ಕೆ ಇನ್ನಷ್ಟು ಸೇರಿಸಿ ಹೊಸ ಗುರುತು ಹೊರಡಿಸಬಹುದು. ಅದಕ್ಕೇ 1996ರಲ್ಲಿ ಬೆಲ್ಲಾರೆ, ಕನೆಟ್ಟಿ, ಕ್ರಾವ್‌ಚಿಕ್ ಮೂವರು ಕೊಟ್ಟ ಎಚ್‌ಮ್ಯಾಕ್‌ನಲ್ಲಿ ಒಳಗೊಂದು, ಹೊರಗೊಂದು ಎಂದು ಎರಡು ಸಲ ಹ್ಯಾಶ್. ಎರಡಕ್ಕೂ ಕೀ ಸೇರಿಸಬೇಕು.

ನನ್ನ ಫೈಲಿಗೆ ಯಾವ ಕಳ್ಳನೂ ಕೈ ಹಾಕಿರಲಿಲ್ಲ. ನೆಟ್‌ವರ್ಕಿಗೆ ಸಿಕ್ಕಿಸಿದ್ದ ಹಳೇ ಡಾಂಗಲ್ ಬಿಟ್ ಕೆಡಿಸುತ್ತಿತ್ತು. ನೆಟ್‌ವರ್ಕಿನಲ್ಲಿ ಮಾಹಿತಿ ಸಾಗಿಸುವ ಟಿಸಿಪಿಯ ಚೆಕ್‌ಸಮ್, ಅಂದರೆ ತಪ್ಪು ಹಿಡಿಯುವ ಮೊತ್ತ, ಬರೀ 16 ಬಿಟ್, ಅದರ ಕಣ್ಣು ತಪ್ಪಿಸಿ ಬಂದದ್ದನ್ನು ಎಸ್‌ಎಸ್‌ಎಚ್‌ನ ಮ್ಯಾಕ್ ಹಿಡಿಯಿತು. ಡಾಂಗಲ್ ಬದಲಿಸಿದ ಮೇಲೆ ಸರಿಹೋಯಿತು.

ಉಳಿದವು ಬೇಗ ಬೇಗ. ಲಿನಕ್ಸ್‌ನ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್‌ನ ಮ್ಯಾಕ್ ಮ್ಯಾಂಡೇಟರಿ ಆ್ಯಕ್ಸೆಸ್ ಕಂಟ್ರೋಲ್, ಫೈಲಿನ ಒಡೆಯನಿಗೂ ಸಡಿಲಿಸಲಾಗದ ನಿಯಮ. ಸಿಗ್ನಲ್ ಪ್ರೊಸೆಸಿಂಗ್‌ನವರಿಗೆ ಅದು ಗುಣಿಸಿ ಕೂಡಿಸುವ ಮಲ್ಟಿಪ್ಲೈ-ಅಕ್ಯುಮುಲೇಟ್. 1984ರ ಆಪಲ್ ಮ್ಯಾಕ್ ಸಂಕ್ಷೇಪಾಕ್ಷರವೇ ಅಲ್ಲ, ಮ್ಯಾಕಿಂಟಾಶ್ ಎಂಬ ಸೇಬಿನ ತಳಿಯ ಹೆಸರು.

ವೈಫೈ ಓದುವವರು ಮಾತ್ರ ಹುಷಾರು. ಅಲ್ಲಿ ಮ್ಯಾಕ್ ಎಂಬ ಹೆಸರನ್ನು ಮೊದಲನೆಯವನು, ವಿಳಾಸದ ಮ್ಯಾಕ್, ಆಗಲೇ ಹಿಡಿದು ಕೂತಿದ್ದರಿಂದ ಎರಡನೆಯವನನ್ನು, ಸಂದೇಶದ ಗುರುತನ್ನು, ಎಂಐಸಿ, ಅಂದರೆ ಮೆಸೇಜ್ ಇಂಟೆಗ್ರಿಟಿ ಕೋಡ್ ಎಂದು ಕರೆದರು. ವೈಫೈ ಭದ್ರತೆಯ ಪದ್ಧತಿ ಡಬ್ಲ್ಯುಪಿಎ2ರಲ್ಲಿ ಆ ಎಂಐಸಿಯನ್ನು ಲೆಕ್ಕ ಹಾಕುವ ವಿಧಾನದ ಹೆಸರೋ, ಸಿಬಿಸಿ-ಮ್ಯಾಕ್!